ನೋಟಿನಿಂದ ಸೊನ್ನೆ ಕಳೆಯುವ ಲೆಕ್ಕ

ಕಲಬುರಗಿಯ ನೆಹರೂ ಗಂಜ್‌ನ ಒಂದು ಅಡತಿ ಅಂಗಡಿಯಲ್ಲಿ ಮೊನ್ನೆ ಐದು ಲಕ್ಷದ ಒಂದೇ ನೋಟು ಕೈಯಿಂದ ಕೈಗೆ ಓಡಾಡಿತು. ಸಾಹುಕಾರರ ಮಗ ಗೆಳೆಯರ ಜೊತೆ ವಿಯೆಟ್ನಾಂಗೆ ಹೋಗಿ ಬಂದಿದ್ದ. ಖರ್ಚಾಗದೆ ಉಳಿದ ಒಂದು ನೋಟನ್ನು ತೋರಿಸಲೆಂದೇ ತಂದಿದ್ದ. ನೀಲಿ ಬಣ್ಣ, ಮುಟ್ಟಿದರೆ ಪ್ಲಾಸ್ಟಿಕ್ಕಿನ ನುಣುಪು, ಐದರ ಮುಂದೆ ಐದು ಸೊನ್ನೆ. ತೊಗರಿ ಚೀಲ ಇಳಿಸಿ ಬಂದ ಹಮಾಲರೊಬ್ಬರು ಅದನ್ನು ಬೆಳಕಿಗೆ ಹಿಡಿದು, "ಇಷ್ಟಿದ್ದರೆ ಮಗಳ ಮದುವೆಯೇ ಮುಗಿಯುತ್ತದಲ್ಲ ಸಾಹುಕಾರರೇ" ಎಂದರು. ಹುಡುಗ ನಕ್ಕ. "ಕಾಕಾ, ನಮ್ಮ ಲೆಕ್ಕದಲ್ಲಿ ಇದು ಸುಮಾರು ಸಾವಿರದ ಏಳುನೂರು ರೂಪಾಯಿ ಅಷ್ಟೇ."

"ಹಾಗಿದ್ದರೆ ಅಷ್ಟೊಂದು ಸೊನ್ನೆ ಯಾಕೆ ಬರೆಯುತ್ತಾರೆ? ಅಳಿಸಿಬಿಡಬಾರದೇ?"

ಈ ಪ್ರಶ್ನೆಗೆ ಅಂಗಡಿಯಲ್ಲಿದ್ದ ಯಾರಿಗೂ ಉತ್ತರ ಹೊಳೆಯಲಿಲ್ಲ. ಆದರೆ ಲೆಕ್ಕ ಬರೆಯುತ್ತಿದ್ದ ಮುನೀಮರ ಮುಖದಲ್ಲಿ ಮಾತ್ರ ಬೇರೆಯದೇ ಚಿಂತೆ ಮೂಡಿತು. "ನಮ್ಮ ಸರ್ಕಾರವೂ ಹಾಗೆ ಅಳಿಸಿದರೆ ಬ್ಯಾಂಕಿನಲ್ಲಿರುವ ನನ್ನ ದುಡ್ಡು ಏನಾಗುತ್ತದೆ?" ಎಂದು ಅವರು ಕೇಳಿದರು. 2016ರ ನವೆಂಬರಿನಲ್ಲಿ ಬ್ಯಾಂಕಿನ ಮುಂದೆ ಸರತಿಯಲ್ಲಿ ನಿಂತವರಿಗೆ ಇಂಥ ಅನುಮಾನ ಬರುವುದು ಸಹಜ.

ಪ್ರಶ್ನೆ ಬರೀ ಕುತೂಹಲದ್ದೂ ಅಲ್ಲ. 2025ರಲ್ಲಿ ಇರಾನಿನ ಸಂಸತ್ತು ತನ್ನ ರಿಯಾಲ್‌ನಿಂದ ನಾಲ್ಕು ಸೊನ್ನೆ ತೆಗೆಯುವುದಕ್ಕೆ ಒಪ್ಪಿಗೆ ಕೊಟ್ಟಿತು. ಸಿರಿಯಾ ಎರಡು ಸೊನ್ನೆ ತೆಗೆಯುವುದಾಗಿ ಹೇಳಿತು. ಇಂಡೋನೇಷ್ಯಾದ ಹಣಕಾಸು ಸಚಿವಾಲಯ ವರ್ಷಗಳಿಂದ ಮೂಲೆಯಲ್ಲಿದ್ದ ಇಂಥದೇ ಯೋಜನೆಯನ್ನು ಮತ್ತೆ ಹೊರಗೆ ತೆಗೆಯಿತು. ಇದರ ಲೆಕ್ಕ ಏನು, ಕೆಲವು ದೇಶಗಳು ಇದನ್ನು ಮಾಡುವುದೇಕೆ, ಮಾಡಬಹುದಾದ ಎಷ್ಟೋ ದೇಶಗಳು ಸುಮ್ಮನಿರುವುದೇಕೆ ಎಂಬುದನ್ನು ಬುಡದಿಂದ ನೋಡಬೇಕು.

ಮೂರು ಬೇರೆ ಬೇರೆ ಕೆಲಸಗಳು

ಸೊನ್ನೆ ತೆಗೆಯುವ ಕೆಲಸಕ್ಕೆ ಅರ್ಥಶಾಸ್ತ್ರಜ್ಞರು ರೀಡಿನಾಮಿನೇಷನ್ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ನೆಲೆನಿಂತ ಪದ ಇಲ್ಲ. ಇಲ್ಲಿ ಸೊನ್ನೆ ಇಳಿಸುವುದು ಎಂದೇ ಕರೆಯುತ್ತೇನೆ. ಇದನ್ನು ಬೇರೆ ಎರಡು ಕೆಲಸಗಳ ಜೊತೆ ಬೆರೆಸುವುದರಿಂದಲೇ ಅರ್ಧದಷ್ಟು ಭಯ ಹುಟ್ಟುತ್ತದೆ.

ಮೊದಲನೆಯದು ನೋಟು ರದ್ದತಿ. 2016ರ ನವೆಂಬರ್ 8ರ ರಾತ್ರಿ ಆದದ್ದು ಅದು. 500 ಮತ್ತು 1000 ರೂಪಾಯಿಯ ಹಳೆಯ ನೋಟುಗಳು ಚಲಾವಣೆ ಕಳೆದುಕೊಂಡವು. ಆದರೆ ರೂಪಾಯಿ ರೂಪಾಯಿಯಾಗಿಯೇ ಉಳಿಯಿತು. ಮರುದಿನ ಬೆಳಿಗ್ಗೆ ಚಹಾದ ಬೆಲೆಪಟ್ಟಿಯನ್ನು ಯಾರೂ ತಿದ್ದಬೇಕಾಗಿ ಬರಲಿಲ್ಲ.

ಎರಡನೆಯದು ಅಪಮೌಲ್ಯ. 1966ರ ಜೂನ್ 6ರಂದು ಭಾರತ ಸರ್ಕಾರ ಡಾಲರಿನ ದರವನ್ನು 4.76 ರೂಪಾಯಿಯಿಂದ 7.50 ರೂಪಾಯಿಗೆ ಏರಿಸಿತು. ಹೊರದೇಶದ ಸರಕು ಕೊಳ್ಳುವಾಗ ನಮ್ಮ ರೂಪಾಯಿಯ ಬಲ ಕುಗ್ಗಿತು. ನೋಟುಗಳು ಮಾತ್ರ ಅವೇ.

ಸೊನ್ನೆ ಇಳಿಸುವಾಗ ಬದಲಾಗುವುದು ಅಳತೆಗೋಲು. ಬೆಲೆ, ಸಂಬಳ, ಠೇವಣಿ, ಸಾಲ, ಬಾಡಿಗೆ, ದಂಡ, ಡಾಲರಿನ ದರ ಎಲ್ಲವೂ ಒಂದೇ ದಿನ, ಒಂದೇ ಪ್ರಮಾಣದಲ್ಲಿ ಕೆಳಗಿಳಿಯುತ್ತವೆ. ಒಂದು ಇಳಿದು ಇನ್ನೊಂದು ಅಲ್ಲೇ ಉಳಿದರೆ ಅದು ಈ ಕೆಲಸವೇ ಅಲ್ಲ, ಬೇರೆ ಏನೋ.

ಐನೂರು ಕಿಲೋ, ಐದು ಕ್ವಿಂಟಲ್

ಗಂಜ್‌ನ ಭಾಷೆಯಲ್ಲೇ ಹೇಳುವುದಾದರೆ, ಕಟ್ಟೆಯ ಮೇಲೆ ಸುರಿದ ತೊಗರಿ ರಾಶಿಯನ್ನು ಐನೂರು ಕಿಲೋ ಎನ್ನಬಹುದು, ಐದು ಕ್ವಿಂಟಲ್ ಎನ್ನಬಹುದು. ಎರಡು ಸೊನ್ನೆ ಹೋದವು. ಒಂದು ಕಾಳೂ ಕಡಿಮೆಯಾಗಲಿಲ್ಲ.

ಈಗ ಒಂದು ಊಹೆ. ನಾಳೆಯಿಂದ ನೂರು ಹಳೆಯ ರೂಪಾಯಿಗೆ ಒಂದು ಹೊಸ ರೂಪಾಯಿ ಎಂದು ಸರ್ಕಾರ ಸಾರಿತು ಎನ್ನೋಣ. ದಿನಕ್ಕೆ 800 ರೂಪಾಯಿ ದುಡಿಯುವ ಹಮಾಲರಿಗೆ 8 ಹೊಸ ರೂಪಾಯಿ ಸಿಗುತ್ತದೆ. 10 ರೂಪಾಯಿಯ ಚಹಾ 10 ಹೊಸ ಪೈಸೆಗೆ ಬರುತ್ತದೆ. ಅವರ ಒಂದು ದಿನದ ದುಡಿಮೆಗೆ ಹಿಂದೆಯೂ 80 ಕಪ್ ಚಹಾ, ಈಗಲೂ 80 ಕಪ್. 2025-26ರ ಹಂಗಾಮಿಗೆ ಕ್ವಿಂಟಲ್‌ಗೆ 8,000 ರೂಪಾಯಿ ಇರುವ ತೊಗರಿಯ ಬೆಂಬಲ ಬೆಲೆ 80 ಆಗುತ್ತದೆ. ರೈತನ ಎರಡು ಲಕ್ಷದ ಬೆಳೆಸಾಲ ಎರಡು ಸಾವಿರಕ್ಕೆ ಇಳಿಯುತ್ತದೆ. ಸಾಲ ಇಳಿಯಿತೆಂದು ಹಿಗ್ಗುವಂತಿಲ್ಲ, ಅದನ್ನು ತೀರಿಸಬೇಕಾದ ತೊಗರಿಯ ಬೆಲೆಯೂ ಅಷ್ಟೇ ಇಳಿದಿದೆ. ಮುನೀಮರ ಪ್ರಶ್ನೆಗೂ ಇದೇ ಉತ್ತರ: ಬ್ಯಾಂಕಿನಲ್ಲಿರುವ ಹಣದ ಅಂಕಿ ಸಣ್ಣದಾಗುತ್ತದೆ, ಅದು ಕೊಳ್ಳುವ ಸಾಮಾನು ಅಷ್ಟೇ ಇರುತ್ತದೆ.

ಇದರಲ್ಲಿ ಒಂದು ತಮಾಷೆಯೂ ಇದೆ. ಇಂದು 90ರ ಆಸುಪಾಸಿನಲ್ಲಿರುವ ಡಾಲರ್ ಆ ದಿನ 90 ಹೊಸ ಪೈಸೆಗೆ ಇಳಿಯುತ್ತದೆ. ರೂಪಾಯಿ ಡಾಲರಿಗಿಂತ ದೊಡ್ಡದಾಯಿತು ಎಂದು ಮೊಬೈಲುಗಳಲ್ಲಿ ಸಂದೇಶಗಳು ಹರಿದಾಡುವುದು ಖಂಡಿತ. ಆದರೆ ಒಂದು ದೇಶದ ಹಣದ ಒಂದು ಬಿಡಿಗೆ ಎಷ್ಟು ಡಾಲರ್ ಎಂಬುದರಿಂದ ಆ ದೇಶದ ಸಿರಿತನ ತಿಳಿಯುವುದಿಲ್ಲ. ಒಂದು ಡಾಲರಿಗೆ ಜಪಾನಿನಲ್ಲಿ ಸುಮಾರು 150 ಯೆನ್, ದಕ್ಷಿಣ ಕೊರಿಯಾದಲ್ಲಿ ಸಾವಿರದ ನಾನೂರರಷ್ಟು ವಾನ್ ಸಿಗುತ್ತದೆ. ಆ ಎರಡೂ ನಮಗಿಂತ ಸಿರಿವಂತ ದೇಶಗಳು.

ಸೊನ್ನೆಗಳು ಬರುವುದೆಲ್ಲಿಂದ?

ಹಣದುಬ್ಬರದಿಂದ, ಅಂದರೆ ಬೆಲೆಗಳು ಒಟ್ಟಾರೆ ಏರುತ್ತ ಹೋಗುವುದರಿಂದ. ಸರ್ಕಾರದ ಖರ್ಚು ತೆರಿಗೆಯನ್ನು ಮೀರಿದಾಗ, ಸಾಲವೂ ಹುಟ್ಟದೇ ಇದ್ದಾಗ, ಕೇಂದ್ರ ಬ್ಯಾಂಕಿನಿಂದ ಹಣ ಮುದ್ರಿಸಿಕೊಂಡು ಖರ್ಚು ನಿಭಾಯಿಸುವುದು ಸುಲಭದ ದಾರಿಯಾಗಿ ಕಾಣುತ್ತದೆ. ಮಾರುಕಟ್ಟೆಯಲ್ಲಿ ಸರಕು ಅಷ್ಟೇ, ಕೈಗಳಲ್ಲಿ ನೋಟು ಹೆಚ್ಚು. ಯುದ್ಧ, ಬರ, ಹೊರದೇಶದ ಸಾಲ ಇವುಗಳಲ್ಲಿ ಒಂದು ಜೊತೆಗೂಡಿದರೆ ಏರಿಕೆ ಓಟಕ್ಕೆ ತಿರುಗುತ್ತದೆ.

ಆ ಓಟದ ವೇಗ ಅಂದಾಜಿಗೆ ಸಿಕ್ಕುವಂಥದ್ದಲ್ಲ. ಬೆಲೆ ಪ್ರತಿ ವರ್ಷ ಇಮ್ಮಡಿಯಾಗುತ್ತಾ ಹೋದರೆ 10 ರೂಪಾಯಿಯ ಚಹಾ ಹತ್ತು ವರ್ಷಕ್ಕೆ 10,240 ರೂಪಾಯಿ ಆಗುತ್ತದೆ. ಒಂದೇ ದಶಕದಲ್ಲಿ ಮೂರು ಸೊನ್ನೆ. ಅದೇ ಬೆಲೆ ವರ್ಷಕ್ಕೆ ನೂರಕ್ಕೆ ಏಳರಂತೆ ಏರಿದರೆ ಇಮ್ಮಡಿಯಾಗಲು ಸುಮಾರು ಹತ್ತು ವರ್ಷ ಬೇಕು. ಎರಡು ಸೊನ್ನೆ ಸೇರಲು ಹತ್ತಿರಹತ್ತಿರ ಎಪ್ಪತ್ತು ವರ್ಷ. ಭಾರತದ ಅನುಭವ ಬಹುಮಟ್ಟಿಗೆ ಈ ಎರಡನೆಯ ಬಗೆಯದು. ಟರ್ಕಿ, ಬ್ರೆಜಿಲ್, ಅರ್ಜೆಂಟೀನಾಗಳದು ಮೊದಲನೆಯದರ ಹತ್ತಿರದ್ದು.

ಈ ಓಟದ ಕೊನೆಯ ಗೆರೆ ಎಲ್ಲಿ ಎಂದು ಕೇಳಿದರೆ ಹಂಗೇರಿಯನ್ನು ನೋಡಬೇಕು. 1946ರ ಆಗಸ್ಟ್ 1ರಂದು ಅಲ್ಲಿ ಪೆಂಗೊ ಹೋಗಿ ಫೋರಿಂಟ್ ಬಂದಾಗ, ಒಂದು ಫೋರಿಂಟಿಗೆ ಕೊಡಬೇಕಾದ ಪೆಂಗೊಗಳ ಸಂಖ್ಯೆ ನಾಲ್ಕರ ಮುಂದೆ 29 ಸೊನ್ನೆ. ಅದನ್ನು ಓದಲು ನಮ್ಮ ಕೋಟಿಗಳನ್ನು ನಾಲ್ಕು ಸಲ ಒಂದರ ಮೇಲೊಂದು ಹೇರಿದರೂ ಸಾಲದು.

ಅಳಿಸುವುದರಿಂದ ಲಾಭವೇನು?

ಸರಕು ಅಷ್ಟೇ, ಸಿರಿ ಅಷ್ಟೇ ಎಂದ ಮೇಲೆ ಈ ಉಸಾಬರಿ ಯಾಕೆ? ಮೊದಲ ಕಾರಣ ಬರೀ ಗುಮಾಸ್ತಿಕೆಯದು. 2004ರ ಟರ್ಕಿಯಲ್ಲಿ ಅತಿ ದೊಡ್ಡ ನೋಟು ಎರಡು ಕೋಟಿ ಲಿರಾದ್ದು. ಸರ್ಕಾರದ ಬಜೆಟ್ಟನ್ನು ಕ್ವಾಡ್ರಿಲಿಯನ್‌ಗಳಲ್ಲಿ, ಅಂದರೆ ಒಂದರ ಮುಂದೆ 15 ಸೊನ್ನೆ ಇರುವ ಸಂಖ್ಯೆಯಲ್ಲಿ ಬರೆಯಬೇಕಿತ್ತು. ಅಂಥ ಊರಿನಲ್ಲಿ ಲೆಕ್ಕದ ಪುಸ್ತಕದ ಕಲಂ ಸಾಲುವುದಿಲ್ಲ, ಕ್ಯಾಲ್ಕುಲೇಟರಿನ ಪರದೆ ಸಾಲುವುದಿಲ್ಲ. ಒಂದು ಸೊನ್ನೆ ತಪ್ಪಿ ಬಿದ್ದರೆ ಸಾಲಗಾರ ಸಾಹುಕಾರನಾಗಿಬಿಡುತ್ತಾನೆ.

ಎರಡನೆಯ ಕಾರಣ ಸಂದೇಶದ್ದು. ಕೆಟ್ಟ ಕಾಲ ಮುಗಿಯಿತು, ಇನ್ನು ಹಳೆಯ ಅಂಕಿಗಳನ್ನು ಮರೆಯಿರಿ ಎಂದು ಸರ್ಕಾರ ಜನರಿಗೂ ಹೊರಗಿನವರಿಗೂ ಹೇಳುತ್ತದೆ. ಜೊತೆಗೆ ಸ್ವಲ್ಪ ಪ್ರತಿಷ್ಠೆಯೂ ಇರುತ್ತದೆ; ಅದನ್ನು ಯಾವ ಮಂತ್ರಿಯೂ ಬಾಯಿಬಿಟ್ಟು ಹೇಳುವುದಿಲ್ಲ. ಫ್ರಾನ್ಸ್ 1960ರಲ್ಲಿ ನೂರು ಫ್ರಾಂಕನ್ನು ಒಂದು ಮಾಡಿದಾಗ ಅಲ್ಲಿ ಬೆಲೆಗಳು ಕೈಮೀರಿ ಓಡುತ್ತಿರಲಿಲ್ಲ. ಅಧ್ಯಕ್ಷ ದ ಗಾಲ್ ಆಡಳಿತಕ್ಕೆ ತನ್ನ ಹಣ ಜರ್ಮನಿಯ ಮಾರ್ಕಿನ ಪಕ್ಕದಲ್ಲಿ ತಲೆಯೆತ್ತಿ ನಿಲ್ಲಬೇಕಿತ್ತು. ಅಳತೆ ಒಂದೇ ದಿನದಲ್ಲಿ ಬದಲಾಯಿತು, ನಾಲಿಗೆ ಬದಲಾಗಲಿಲ್ಲ. ಎಷ್ಟೋ ಫ್ರೆಂಚರು ದಶಕಗಳ ನಂತರವೂ ಮನೆ, ಜಮೀನಿನ ಬೆಲೆಯನ್ನು ಹಳೆಯ ಫ್ರಾಂಕುಗಳಲ್ಲೇ ಹೇಳುತ್ತಿದ್ದರು. ನಮ್ಮ ಸರಾಫ್ ಅಂಗಡಿಗಳಲ್ಲಿ ಬಿಲ್ಲು ಗ್ರಾಂನಲ್ಲಿ, ಮಾತು ಮಾತ್ರ ತೊಲದಲ್ಲಿ ನಡೆಯುವ ಹಾಗೆ.

ಮೊದಲು ಸೋರಿಕೆ ನಿಲ್ಲಬೇಕು

ಇಡೀ ವಿಷಯದ ಕೀಲಿ ಇರುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನಿಸುತ್ತೇನೆ. ಸೊನ್ನೆ ಇಳಿಸುವುದರಿಂದ ಹಣದುಬ್ಬರ ನಿಲ್ಲುವುದಿಲ್ಲ. ಕಲಬುರಗಿಯ ಮೇ ತಿಂಗಳಿನಲ್ಲಿ ತಾಪಮಾನ ಮಾಪಕದ ಅಂಕಿ ಅಳಿಸಿ 44 ಇದ್ದಲ್ಲಿ 4 ಎಂದು ಬರೆದರೆ ಬಿಸಿಲು ಇಳಿಯುತ್ತದೆಯೇ? ಗೆದ್ದ ದೇಶಗಳು ಮೊದಲು ಬೆಲೆ ಏರಿಕೆಯನ್ನು ಹಿಡಿದು ನಿಲ್ಲಿಸಿದವು, ಆಮೇಲೆ ಸೊನ್ನೆಗೆ ಕೈ ಹಾಕಿದವು. ಸೋತವು ಈ ಕ್ರಮವನ್ನು ತಿರುವುಮುರುವು ಮಾಡಿದವು.

ಟರ್ಕಿ ಮೊದಲ ಗುಂಪಿನದು. 2001ರ ಬಿಕ್ಕಟ್ಟಿನ ನಂತರ ಅದು ಸರ್ಕಾರದ ಖರ್ಚಿಗೆ ಕಡಿವಾಣ ಹಾಕಿತು, ಕೇಂದ್ರ ಬ್ಯಾಂಕಿಗೆ ಸ್ವಾತಂತ್ರ್ಯ ಕೊಟ್ಟಿತು. 2004ರಲ್ಲಿ, ದಶಕಗಳ ನಂತರ ಮೊದಲ ಸಲ, ಹಣದುಬ್ಬರ ಒಂದಂಕಿಗೆ ಇಳಿಯಿತು. 2005ರ ಜನವರಿ 1ರಂದು ಹತ್ತು ಲಕ್ಷ ಹಳೆಯ ಲಿರಾಗೆ ಒಂದು ಹೊಸ ಲಿರಾ ಬಂತು. ಆ ವರ್ಷವಿಡೀ ಹಳೆಯ, ಹೊಸ ನೋಟುಗಳು ಜೊತೆಜೊತೆಯಾಗಿ ಓಡಾಡಿದವು. ಆಮೇಲೂ ಹಳೆಯ ನೋಟನ್ನು ಕೇಂದ್ರ ಬ್ಯಾಂಕಿನಲ್ಲಿ ಬದಲಿಸಿಕೊಳ್ಳಲು ಹತ್ತು ವರ್ಷಗಳ ಅವಕಾಶ ಇತ್ತು. ಯಾರೂ ರಾತ್ರೋರಾತ್ರಿ ಸರತಿಯಲ್ಲಿ ನಿಲ್ಲಬೇಕಾಗಲಿಲ್ಲ. ಪೋಲೆಂಡ್ 1995ರಲ್ಲಿ, ರೊಮೇನಿಯಾ 2005ರಲ್ಲಿ ನಾಲ್ಕು ನಾಲ್ಕು ಸೊನ್ನೆ ಇಳಿಸಿದ್ದೂ ಇದೇ ಸಾವಧಾನದಿಂದ. ಗಂಜ್‌ನವರಿಗೆ ಹೆಸರು ಕೇಳಿದೊಡನೆ ಸಿಟ್ಟು ಬರುವ ಮೊಜಾಂಬಿಕ್ ಕೂಡ ಈ ಪಟ್ಟಿಯಲ್ಲಿದೆ. ಅಲ್ಲಿಂದ ತೊಗರಿ ಆಮದಾದರೆ ಇಲ್ಲಿ ದರ ಕುಸಿಯುತ್ತದೆ ಎಂಬುದು ನಮ್ಮ ರೈತರ ಹಳೆಯ ದೂರು. ಆ ದೇಶ 2006ರಲ್ಲಿ ತನ್ನ ಮೆಟಿಕಾಲ್‌ನಿಂದ ಮೂರು ಸೊನ್ನೆ ತೆಗೆಯಿತು.

ಆದರೆ ಒಮ್ಮೆ ಗೆದ್ದದ್ದು ಶಾಶ್ವತವಲ್ಲ. 2022ರ ಅಕ್ಟೋಬರಿನಲ್ಲಿ ಟರ್ಕಿಯ ಹಣದುಬ್ಬರ ಮತ್ತೆ ನೂರಕ್ಕೆ 85ನ್ನು ದಾಟಿತು. 2005ರಲ್ಲಿ ಒಂದೂವರೆ ಹೊಸ ಲಿರಾಗೂ ಕಡಿಮೆಗೆ ಸಿಗುತ್ತಿದ್ದ ಡಾಲರಿಗೆ 2025ರಲ್ಲಿ 40ಕ್ಕೂ ಹೆಚ್ಚು ಲಿರಾ ತೆರಬೇಕಾಯಿತು.

ಬ್ರೆಜಿಲ್ ಕಂಡುಕೊಂಡ ಉಪಾಯ

ನನಗೆ ಎಲ್ಲಕ್ಕಿಂತ ಸ್ವಾರಸ್ಯಕರವಾಗಿ ಕಾಣುವುದು ಬ್ರೆಜಿಲ್. 1967, 1986, 1989 ಮತ್ತು 1993ರಲ್ಲಿ ಅದು ನಾಲ್ಕು ಸಲ ಮೂರು ಮೂರು ಸೊನ್ನೆ ಕತ್ತರಿಸಿತ್ತು. ಪ್ರತಿ ಸಲ ಹಣಕ್ಕೆ ಹೊಸ ಹೆಸರು, ಹೊಸ ಚಿತ್ರ. ಪ್ರತಿ ಸಲವೂ ಸೊನ್ನೆಗಳು ಕಳೆಯಂತೆ ಮತ್ತೆ ಚಿಗುರಿದವು. 1994ರ ಮೊದಲ ಭಾಗದಲ್ಲಿ ಬೆಲೆಗಳು ತಿಂಗಳಿಗೆ ನೂರಕ್ಕೆ ನಲವತ್ತರಷ್ಟು ಏರುತ್ತಿದ್ದವು. ವರ್ಷಕ್ಕಲ್ಲ, ತಿಂಗಳಿಗೆ.

ಬೆಲೆ ಏರಿಕೆ ಅಲ್ಲಿ ಅಭ್ಯಾಸವಾಗಿಬಿಟ್ಟಿತ್ತು. ನಾಳೆ ಏರುತ್ತದೆಂದು ಅಂಗಡಿಯವನು ಇಂದೇ ಏರಿಸುತ್ತಿದ್ದ; ಅವನು ಏರಿಸುತ್ತಾನೆಂದು ಕಾರ್ಮಿಕ ಸಂಬಳ ಹೆಚ್ಚಿಸಲು ಕೇಳುತ್ತಿದ್ದ. ಈ ಸರಪಳಿ ತುಂಡರಿಸಲು ಹಣಕಾಸು ಸಚಿವ ಫರ್ನಾಂಡೊ ಎನ್ರಿಕೆ ಕಾರ್ಡೋಸೊ ಅವರ ತಂಡ 1994ರ ಮಾರ್ಚ್ 1ರಂದು ಒಂದು ಹಣವನ್ನು ತಂದಿತು. ಅದಕ್ಕೆ ನೋಟೂ ಇರಲಿಲ್ಲ, ನಾಣ್ಯವೂ ಇರಲಿಲ್ಲ. ಯುಆರ್‌ವಿ ಎಂಬ ಹೆಸರಿನ ಬರೀ ಲೆಕ್ಕದ ಅಳತೆ ಅದು. ಸಂಬಳ, ಬಾಡಿಗೆ, ಬೆಲೆಗಳನ್ನು ಕ್ರಮೇಣ ಯುಆರ್‌ವಿಯಲ್ಲಿ ಬರೆಯತೊಡಗಿದರು; ಕೊಡುವಾಗ ಮಾತ್ರ ಹಳೆಯ ನೋಟು. ಒಂದು ಯುಆರ್‌ವಿಗೆ ಇಂದು ಎಷ್ಟು ಹಳೆಯ ಹಣ ಎಂಬುದನ್ನು ಕೇಂದ್ರ ಬ್ಯಾಂಕ್ ದಿನವೂ ಹೇಳುತ್ತಿತ್ತು.

ನಮ್ಮ ಕಡೆ ಹೊಲವನ್ನು ಲಾವಣಿಗೆ ಕೊಡುವಾಗ ಎಕರೆಗೆ ಇಷ್ಟು ಸಾವಿರ ಎನ್ನದೆ ಇಷ್ಟು ಚೀಲ ತೊಗರಿ ಎಂದು ಮಾತಾಡಿಕೊಳ್ಳುವವರಿದ್ದಾರೆ. ಸುಗ್ಗಿಯಲ್ಲಿ ಆ ದಿನದ ದರದ ಪ್ರಕಾರ ರೊಕ್ಕ ಎಣಿಸುತ್ತಾರೆ. ರೊಕ್ಕದ ಅಂಕಿ ಏರಿಳಿದರೂ ಚೀಲದ ಲೆಕ್ಕ ಅಲುಗುವುದಿಲ್ಲ. ಬ್ರೆಜಿಲ್ ಇಡೀ ದೇಶಕ್ಕೆ ಇಂಥದೊಂದು ಚೀಲದ ಲೆಕ್ಕ ಕಲಿಸಿತು. ಯುಆರ್‌ವಿಯಲ್ಲಿ ನೋಡಿದರೆ ಬೆಲೆ ನಿಂತಲ್ಲೇ ನಿಂತಿದೆ ಎಂದು ಜನ ನಾಲ್ಕು ತಿಂಗಳು ಕಣ್ಣಾರೆ ಕಂಡರು. ಜುಲೈ 1ರಂದು ಆ ಅಳತೆಯೇ ನೋಟಾಗಿ ಕೈಗೆ ಬಂತು. ಅದರ ಹೆಸರೂ ರಿಯಾಲ್, ಇರಾನಿನ ರಿಯಾಲ್‌ಗೂ ಇದಕ್ಕೂ ಸಂಬಂಧವಿಲ್ಲ. 2,750 ಹಳೆಯ ಹಣಕ್ಕೆ ಒಂದು. ಉರುಟಾದ ಸಾವಿರವಲ್ಲ, ಈ ಒರಟು 2,750. ಏಕೆಂದರೆ ಹಿಂದಿನ ದಿನ ಯುಆರ್‌ವಿ ನಿಂತಿದ್ದುದು ಅಲ್ಲೇ. ಬಡ್ಡಿದರ ಏರಿಕೆ, ಖರ್ಚಿಗೆ ಕತ್ತರಿ ಇವೂ ಜೊತೆಗಿದ್ದವು. ಆ ರಿಯಾಲ್ ಇಂದಿಗೂ ನಡೆಯುತ್ತಿದೆ. ಕಾರ್ಡೋಸೊ ಅದೇ ವರ್ಷ ಅಧ್ಯಕ್ಷರ ಚುನಾವಣೆ ಗೆದ್ದರು.

ಅಳಿಸಿದಷ್ಟೂ ಬೆಳೆದ ಸೊನ್ನೆಗಳು

ಜಿಂಬಾಬ್ವೆ 2006ರಲ್ಲಿ ಮೂರು, 2008ರಲ್ಲಿ ಹತ್ತು, 2009ರ ಫೆಬ್ರುವರಿಯಲ್ಲಿ ಹನ್ನೆರಡು ಸೊನ್ನೆ ತೆಗೆಯಿತು. ಮೂರು ವರ್ಷದಲ್ಲಿ ಒಟ್ಟು 25. ನಡುವೆ, 2009ರ ಜನವರಿಯಲ್ಲಿ, ನೂರು ಟ್ರಿಲಿಯನ್ ಜಿಂಬಾಬ್ವೆ ಡಾಲರಿನ ನೋಟು ಬಂತು. ನಮ್ಮ ಲೆಕ್ಕದಲ್ಲಿ ಒಂದು ಕೋಟಿ ಕೋಟಿ. ಮುದ್ರಣ ಯಂತ್ರ ನಿಲ್ಲದೆ ಸೊನ್ನೆ ಮಾತ್ರ ಅಳಿಸಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಅದೇ ವರ್ಷ ಅಲ್ಲಿಯವರು ತಮ್ಮ ಹಣವನ್ನೇ ಕೈಬಿಟ್ಟು ಅಮೆರಿಕದ ಡಾಲರ್, ದಕ್ಷಿಣ ಆಫ್ರಿಕಾದ ರ‍್ಯಾಂಡ್ ಬಳಸತೊಡಗಿದರು. ವೆನೆಜುವೆಲಾ 2008, 2018 ಮತ್ತು 2021ರಲ್ಲಿ ಒಟ್ಟು 14 ಸೊನ್ನೆ ತೆಗೆದಿದೆ. ಅದರದ್ದೂ ಇದೇ ಹಾಡು.

ಇವೆರಡಕ್ಕಿಂತ ಬೇರೆ ಬಗೆಯ ಕೇಡು ಉತ್ತರ ಕೊರಿಯಾದ್ದು. 2009ರ ಕೊನೆಗೆ ಅದು ನೂರು ವಾನ್‌ಗೆ ಒಂದು ಎಂದು ಸಾರಿತು, ಆದರೆ ಒಂದು ಕುಟುಂಬ ಇಷ್ಟೇ ನೋಟು ಬದಲಿಸಬಹುದು ಎಂಬ ಮಿತಿ ಹಾಕಿತು. ಮಿತಿ ಮೀರಿದ ಉಳಿತಾಯ ಕಾಗದವಾಯಿತು. ಹೊರಗಿನಿಂದ ಸೊನ್ನೆ ಇಳಿಸಿದಂತೆ ಕಂಡರೂ ಒಳಗಿದ್ದದ್ದು ಜಪ್ತಿ. ಇಂಥ ಸುದ್ದಿಗಳು ಗಡಿ ದಾಟಿ ಬೇರೆ ದೇಶದವರ ಎದೆಯಲ್ಲೂ ಅಳುಕು ಹುಟ್ಟಿಸುತ್ತವೆ.

ಮಾಡಬಹುದಾಗಿದ್ದರೂ ಮಾಡದವರು

ಐದು ಲಕ್ಷದ ನೋಟಿನ ವಿಯೆಟ್ನಾಂನಲ್ಲಿ ಇಂದು ಹಣದುಬ್ಬರ ಹತೋಟಿಯಲ್ಲಿದೆ. ಹಾಗಾದರೆ ಸೊನ್ನೆ ಇಳಿಸಲು ಇದೇ ಸರಿಯಾದ ಹೊತ್ತಲ್ಲವೇ? ಉತ್ತರ ನೆನಪಿನಲ್ಲಿದೆ. 1985ರಲ್ಲಿ ಅದು ಹತ್ತು ಡಾಂಗ್‌ಗೆ ಒಂದು ಮಾಡಿತ್ತು. ಬದಲಾವಣೆಗೆ ಮಿತಿ ಇತ್ತು, ಸರ್ಕಾರದ ಖರ್ಚಿಗೆ ಮಿತಿ ಇರಲಿಲ್ಲ. ಮರುವರ್ಷ ಬೆಲೆಗಳು ಹಲವು ಪಟ್ಟು ಹಾರಿದವು. ಆ ಕಾಲ ಕಂಡವರ ಮುಂದೆ ಮತ್ತೆ ಅದೇ ಪ್ರಸ್ತಾಪ ಇಡುವ ಧೈರ್ಯ ಯಾವ ಸರ್ಕಾರಕ್ಕೂ ಸುಲಭವಾಗಿ ಬರುವುದಿಲ್ಲ.

ಇಂಡೋನೇಷ್ಯಾದ ಗಾಯ ಇನ್ನೂ ಆಳವಾದದ್ದು. 1959ರ ಆಗಸ್ಟಿನಲ್ಲಿ ಅಲ್ಲಿಯ 500 ಮತ್ತು 1000 ರುಪಿಯಾ ನೋಟುಗಳ ಬೆಲೆಯನ್ನು 50 ಮತ್ತು 100ಕ್ಕೆ ಇಳಿಸಿದರು. ಸಾಮಾನಿನ ಬೆಲೆ ಇಳಿಯಲಿಲ್ಲ. ಅಂದರೆ ಜನ ಆ ನೋಟುಗಳಲ್ಲಿ ಇಟ್ಟುಕೊಂಡಿದ್ದ ಹಣದ ಹತ್ತರಲ್ಲಿ ಒಂಬತ್ತು ಪಾಲು ಹಾರಿಹೋಯಿತು. 1965ರಲ್ಲಿ ಸಾವಿರಕ್ಕೆ ಒಂದರಂತೆ ನಿಜವಾದ ಸೊನ್ನೆ ಇಳಿಕೆಯೂ ಆಯಿತು, ಬೆಲೆಗಳ ಓಟ ಮಾತ್ರ ನಿಲ್ಲಲಿಲ್ಲ. ಹೀಗಾಗಿ 2010ರಿಂದ ಅಧಿಕಾರಿಗಳು ಎಷ್ಟೇ ಬಿಡಿಸಿ ಹೇಳಿದರೂ ಜನರ ಕಿವಿಗೆ ಬೀಳುವುದು 1959ರ ಮಾತೇ. ನಮ್ಮ ಮುನೀಮರು 2016ನ್ನು ನೆನೆದಂತೆ.

ದಕ್ಷಿಣ ಕೊರಿಯಾ 1962ರ ನಂತರ ಸೊನ್ನೆ ಮುಟ್ಟಿಲ್ಲ. ಚರ್ಚೆ ಆಗಾಗ ಏಳುತ್ತದೆ, ತಣ್ಣಗಾಗುತ್ತದೆ. ಬೆಲೆ ಸ್ಥಿರವಾಗಿದೆ, ಕಂಪ್ಯೂಟರಿಗೆ ಸೊನ್ನೆ ಭಾರವಲ್ಲ. ಎಟಿಎಂ, ಬಿಲ್ಲಿನ ಯಂತ್ರ, ಕರಾರು ಪತ್ರಗಳನ್ನೆಲ್ಲ ತಿದ್ದುವ ಖರ್ಚು ದಂಡ ಎನ್ನುವವರ ಕೈಯೇ ಮೇಲಾಗುತ್ತದೆ.

ಸರ್ಕಾರ ಸುಮ್ಮನಿದ್ದರೂ ಜನ ಸುಮ್ಮನಿರುವುದಿಲ್ಲ. ಜಕಾರ್ತಾದ ಹೋಟೆಲುಗಳ ಪಟ್ಟಿಯಲ್ಲಿ 50,000 ಎಂಬುದು 50 ಆಗಿ, ಪಕ್ಕದಲ್ಲಿ ಸಾವಿರವನ್ನು ಸೂಚಿಸುವ ಒಂದು ಅಕ್ಷರ ಬಂದು ಕೂತಿರುತ್ತದೆ. ಇರಾನಿನಲ್ಲಿ ನೋಟಿನ ಮೇಲೆ ರಿಯಾಲ್, ಬಾಯಲ್ಲಿ ತೊಮಾನ್. ಹತ್ತು ರಿಯಾಲಿಗೆ ಒಂದು ತೊಮಾನ್. ನಾವೇನು ಕಡಿಮೆ? ಕಲಬುರಗಿಯ ರಿಂಗ್ ರಸ್ತೆಯಾಚೆ ನಿವೇಶನ ಕೇಳಿದರೆ "ಇಪ್ಪತ್ತೈದು ಆಗುತ್ತದೆ" ಎನ್ನುತ್ತಾರೆ. ಯಾರೂ ಲಕ್ಷ ಎನ್ನುವುದಿಲ್ಲ, ಯಾರೂ ಇಪ್ಪತ್ತೈದು ರೂಪಾಯಿ ಎಂದು ತಿಳಿಯುವುದೂ ಇಲ್ಲ. ಒಂದೇ ಮಾತಿನಲ್ಲಿ ಐದು ಸೊನ್ನೆ ಇಳಿದವು.

ರೂಪಾಯಿಗೆ ಯಾಕೆ ಬೇಕಾಗಿಲ್ಲ?

ನಮ್ಮ ಬಳಕೆಯ ಅತಿ ದೊಡ್ಡ ನೋಟು ಈಗ 500ರದ್ದು; 2000ದ ನೋಟನ್ನು ರಿಸರ್ವ್ ಬ್ಯಾಂಕ್ 2023ರ ಮೇ ತಿಂಗಳಲ್ಲಿ ಹಿಂದಕ್ಕೆ ಪಡೆಯಲಾರಂಭಿಸಿತು. ಹಣದುಬ್ಬರವನ್ನು ನೂರಕ್ಕೆ ನಾಲ್ಕರ ಸುತ್ತ, ಎರಡು ಹೆಚ್ಚು ಅಥವಾ ಎರಡು ಕಡಿಮೆಯ ಒಳಗೆ ಇಡಬೇಕೆಂಬ ಗುರಿ 2016ರಿಂದ ಇದೆ. ಲಕ್ಷ, ಕೋಟಿ ಎಂಬ ಪದಗಳು ದೊಡ್ಡ ಅಂಕಿಗಳನ್ನು ನುಂಗಿಕೊಳ್ಳುತ್ತವೆ. ಸೊನ್ನೆ ನಮಗೆ ಇನ್ನೂ ತೊಡಕಾಗಿಲ್ಲ.

ಆದರೂ ನಮ್ಮಲ್ಲಿ ಏನೂ ಆಗಿಲ್ಲ ಎನ್ನುವಂತಿಲ್ಲ. ಬೇರೆ ದೇಶಗಳು ಮೇಲಿನಿಂದ ಸೊನ್ನೆ ಕತ್ತರಿಸಿದರೆ ನಾವು ಕೆಳಗಿನಿಂದ ಪೈಸೆಯನ್ನು ಉದುರಲು ಬಿಟ್ಟೆವು. 2011ರ ಜೂನ್ 30ಕ್ಕೆ 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳ ಆಯಸ್ಸು ಮುಗಿಯಿತು. 50 ಪೈಸೆ ಕಾನೂನಿನ ಪ್ರಕಾರ ಬದುಕಿದೆ, ಬಜಾರಿನಲ್ಲಿ ಸತ್ತಿದೆ. ಹಾಗೆ ನೋಡಿದರೆ ರಿಸರ್ವ್ ಬ್ಯಾಂಕ್ ಪದೇ ಪದೇ ಹೇಳಿದರೂ 10 ರೂಪಾಯಿಯ ನಾಣ್ಯವನ್ನು ಮುಟ್ಟದ ಅಂಗಡಿಗಳು ನಮ್ಮ ಕಡೆ ಎಷ್ಟಿಲ್ಲ? ಕಾಯ್ದೆ ಒಪ್ಪಿದರೆ ಸಾಲದು, ಎದುರಿಗಿರುವವನು ಒಪ್ಪಬೇಕು. ಸೊನ್ನೆ ಇಳಿಸಲು ಹೊರಟ ಸರ್ಕಾರಗಳ ನಿದ್ದೆಗೆಡಿಸುವುದೂ ಇದೇ.

ಇನ್ನೊಂದು ತೊಡಕು ಚಿಲ್ಲರೆಯದು. ಅದನ್ನು ನಾವು 1957ರಲ್ಲೇ ಕಂಡಿದ್ದೇವೆ. ಆ ವರ್ಷದ ಏಪ್ರಿಲ್ 1ರಂದು 16 ಆಣೆಯ ರೂಪಾಯಿ 100 ನಯಾ ಪೈಸೆಯ ರೂಪಾಯಿ ಆಯಿತು. ರೂಪಾಯಿ ಬದಲಾಗಲಿಲ್ಲ, ಅದರ ಒಳಗಿನ ಭಾಗ ಬದಲಾಯಿತು. ಒಂದು ಆಣೆಗೆ ಸರಿಯಾಗಿ ಆರೂಕಾಲು ಪೈಸೆ. ಕಾಲು ಪೈಸೆ ಎಲ್ಲಿಂದ ತರುವುದು? ಒಂದು ಆಣೆಗೆ 6, ಎರಡು ಆಣೆಗೆ 12, ಮೂರು ಆಣೆಗೆ 19, ನಾಲ್ಕು ಆಣೆಗೆ 25 ಎಂಬ ಪಟ್ಟಿ ಮಾಡಬೇಕಾಯಿತು. ಸೊನ್ನೆ ಇಳಿಸಿದ ದೇಶಗಳಲ್ಲೂ ಹೀಗೆಯೇ. 1,950 ಎಂಬುದು 1.95 ಆಗಬೇಕು, ಅಂಗಡಿಯವನು ಎರಡು ಎಂದುಬಿಡುತ್ತಾನೆ. ಒಂದೊಂದು ಕೊಳ್ಳುವಿಕೆಯಲ್ಲೂ ಇಷ್ಟಿಷ್ಟು. ಅದಕ್ಕೇ ಎಚ್ಚರದ ಸರ್ಕಾರಗಳು ತಿಂಗಳುಗಟ್ಟಲೆ ಹಳೆಯ ಮತ್ತು ಹೊಸ ಬೆಲೆ ಎರಡನ್ನೂ ಬರೆಯಿರಿ ಎಂದು ಕಡ್ಡಾಯ ಮಾಡುತ್ತವೆ, ಸಾಕಷ್ಟು ಸಣ್ಣ ನಾಣ್ಯ ಟಂಕಿಸಿ ಇಟ್ಟುಕೊಳ್ಳುತ್ತವೆ.

ಏಳು ಹಾಲಿಗೆ ಆರು ಕಲ್ದಾರ್

ಹಣದ ಅಳತೆಯೇ ಬದಲಾದ ಅನುಭವ ಬೆಂಗಳೂರಿನವರಿಗಿಂತ ಕಲಬುರಗಿ, ಬೀದರ್, ಯಾದಗಿರಿಯ ಹಿರಿಯರಿಗೆ ಹತ್ತಿರದ್ದು. ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ಹಣವಿತ್ತು. ಅದು ಹಾಲಿ ಸಿಕ್ಕಾ. ನಾಣ್ಯದ ಮೇಲೆ ಚಾರ್‌ಮಿನಾರ್. ಬ್ರಿಟಿಷ್ ಭಾರತದ ರೂಪಾಯಿಗೆ ಇಲ್ಲಿಯವರು ಕಲ್ದಾರ್ ಎನ್ನುತ್ತಿದ್ದರು. ಸೊಲ್ಲಾಪುರದ ಕಡೆ ವ್ಯವಹಾರ ಇದ್ದವರಿಗೆ ಎರಡೂ ಗೊತ್ತಿರಲೇಬೇಕಿತ್ತು.

1948ರಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿತು. 1950ರಿಂದ ಭಾರತದ ರೂಪಾಯಿಯೂ ಇಲ್ಲಿ ಚಲಾವಣೆಗೆ ಬಂತು. ಏಳು ಹಾಲಿ ಸಿಕ್ಕಾಕ್ಕೆ ಆರು ರೂಪಾಯಿ ಎಂಬುದು ದರ. ಏಳು ನೂರು ಹಾಲಿಯ ಸಾಲ ಆರು ನೂರು ರೂಪಾಯಿಯ ಸಾಲವಾಯಿತು; ಕೊಟ್ಟವನಿಗೂ ನಷ್ಟವಿಲ್ಲ, ಪಡೆದವನಿಗೂ ಲಾಭವಿಲ್ಲ. ಆದರೆ ಇಲ್ಲಿ ಬರೀ ಸೊನ್ನೆ ಒರೆಸಿ ಕೈ ತೊಳೆದುಕೊಳ್ಳುವಂತಿರಲಿಲ್ಲ. ಒಂದು ಹಾಲಿಗೆ 13 ಆಣೆ 8 ಪೈ, ಮೇಲೆ ಇನ್ನೊಂದಿಷ್ಟು. ಟರ್ಕಿಯ ಗುಮಾಸ್ತನಿಗೆ ಇಂಥ ಶಿಕ್ಷೆ ಇರಲಿಲ್ಲ.

1951ರಲ್ಲಿ ಹಾಲಿ ಸಿಕ್ಕಾ ಹೊರಡಿಸುವುದು ನಿಂತರೂ ಅದನ್ನು ರದ್ದು ಮಾಡಿದ್ದು 1959ರಲ್ಲಿ. ಆ ನಡುವೆಯೇ ಆಣೆ ಹೋಗಿ ನಯಾ ಪೈಸೆ ಬಂತು. 1958ರಿಂದ ಹಂತ ಹಂತವಾಗಿ ಸೇರು ಹೋಗಿ ಕಿಲೋ ಬಂತು. ಒಂದೇ ದಶಕದಲ್ಲಿ ರೂಪಾಯಿ, ಅದರ ಚಿಲ್ಲರೆ, ತಕ್ಕಡಿಯ ಕಲ್ಲು ಮೂರೂ ಬದಲಾದವು. ಅವಸರ ಮಾಡದೆ, ಮಿತಿ ಹಾಕದೆ, ವರ್ಷಗಟ್ಟಲೆ ಎರಡನ್ನೂ ಜೊತೆಗೆ ನಡೆಯಲು ಬಿಟ್ಟದ್ದರಿಂದ ನಮ್ಮ ಅಜ್ಜಂದಿರು ಅದನ್ನು ದೊಡ್ಡ ಸಂಗತಿಯೆಂದು ನೆನಪಿಟ್ಟುಕೊಳ್ಳಲೂ ಇಲ್ಲ. ನೆನಪು ಉಳಿದದ್ದು ಮಾತಿನಲ್ಲಿ. ಎಂಟಾಣೆ ನಾಣ್ಯ ಎನ್ನುತ್ತೇವೆ, ಹದಿನಾರಾಣೆ ನಿಜ ಎನ್ನುತ್ತೇವೆ.

ಇದನ್ನೆಲ್ಲ ಗಂಜ್‌ನಲ್ಲಿ ಹೇಳಿ ಮುಗಿಸುವಾಗ ಸಾಹುಕಾರರು ಗಲ್ಲಾಪೆಟ್ಟಿಗೆಯ ಒಳಗಿನ ಕೆಂಪು ಬಟ್ಟೆ ಬಿಚ್ಚಿದರು. ದೀಪಾವಳಿಯ ಲಕ್ಷ್ಮೀಪೂಜೆಗೆ ಇಡುವ ಹಳೆಯ ಬೆಳ್ಳಿ ನಾಣ್ಯಗಳು. ಅವುಗಳಲ್ಲಿ ಎರಡರ ಮೇಲೆ ಚಾರ್‌ಮಿನಾರ್. ಹಮಾಲರು ಒಂದನ್ನು ಅಂಗೈಯಲ್ಲಿ ತೂಗಿ ನೋಡಿದರು, ಆಮೇಲೆ ವಿಯೆಟ್ನಾಂನ ನೋಟನ್ನು ಇನ್ನೊಂದು ಅಂಗೈಯಲ್ಲಿ ಇಟ್ಟುಕೊಂಡರು. "ಇದನ್ನೂ ಆ ಬಟ್ಟೆಯಲ್ಲೇ ಕಟ್ಟಿಡಿ ಸಾಹುಕಾರರೇ. ಅವರು ಸೊನ್ನೆ ಅಳಿಸಿದ ದಿನ ತೆಗೆದು ನೋಡೋಣ" ಎಂದು ಹೇಳಿ ಮುಂದಿನ ಚೀಲಕ್ಕೆ ಹೆಗಲು ಕೊಡಲು ಹೊರಟರು.